ಅಕ್ಕ ಓಗೊಡಲಿಲ್ಲ

ನಾನು ಚಿಕ್ಕವಳಿದ್ದಾಗ ನನ್ನಷ್ಟು ದೊಡ್ಡ ಬಾಯಿ ನಮ್ಮೂರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಬಯ್ಯುವ ಬಾಯಿ ಅಂದುಕೊಳ್ಳಬೇಡಿ, ಅದು ಆಮೇಲೆ ಬಂತು, ನಿಮ್ಮ ತಾತನನ್ನು ಮದುವೆಯಾದ ಮೇಲೆ. ನಾನು ಹೇಳುತ್ತಿರುವುದು ಕೂಗುವ ಬಾಯಿ. ಕೊತ್ತಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ಫೋನು ಎಲ್ಲಿತ್ತು? ಹೊಲದಲ್ಲಿರುವವರನ್ನು ಊಟಕ್ಕೆ ಕರೆಯಬೇಕೆಂದರೆ ಕೆರೆ ಏರಿಯ ಮೇಲೆ ನಿಂತು, ಹೆಸರನ್ನು ಎಳೆದು, ಕೊನೆಗೊಂದು ಉದ್ದನೆಯ 'ಓ' ಸೇರಿಸಿ ಕೂಗಬೇಕು. ಆ ಕಡೆಯಿಂದ ಅವರೂ 'ಓ' ಅನ್ನಬೇಕು. ಕೋಪ ಇರಲಿ, ಜಗಳ ಇರಲಿ, ಹೆಸರು ಹಿಡಿದು ಕರೆದವರಿಗೆ ಓಗೊಡಲೇಬೇಕು. ಮೂರು ಸಲ ಕರೆದರೂ ಓಗೊಡದಿದ್ದರೆ ಅದು ಮನುಷ್ಯರಲ್ಲ, ಮನುಷ್ಯರ ರೂಪ ಹೊತ್ತು ಬಂದ ಗಾಳಿ, ದೆವ್ವ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನಾನು ಅದನ್ನು ಪೂರ್ತಿ ನಂಬಿದ್ದೆ.

ನಾನು ಏರಿ ಮೇಲೆ ನಿಂತು ಕೂಗಿದರೆ ಎಮ್ಮೆಗಳೂ ತಲೆ ಎತ್ತಿ ನೋಡುತ್ತಿದ್ದವು. ಅಕ್ಕಪಕ್ಕದವರು ತಮ್ಮ ಮನೆಯವರನ್ನು ಕರೆಯುವುದಕ್ಕೂ ನನ್ನನ್ನೇ ಓಡಿಸುತ್ತಿದ್ದರು. ಒಂದು ಚೂರು ಬೆಲ್ಲ ಕೊಟ್ಟರೆ ಇಡೀ ಬಯಲಿಗೆ ಕೇಳಿಸುವಂತೆ ಕೂಗಿ ಬರುತ್ತಿದ್ದೆ.

ನಾನು ಎಲ್ಲಕ್ಕಿಂತ ಹೆಚ್ಚು ಕೂಗಿದ ಹೆಸರು ಅಕ್ಕನದು. ಅಕ್ಕ ಅಂದರೆ ಗುಬ್ಬಿಯಲ್ಲಿ ಮಗನ ಮನೆಯಲ್ಲಿದ್ದಾಳಲ್ಲ, ನೀವು ಸರೋಜಜ್ಜಿ ಅನ್ನುತ್ತೀರಲ್ಲ, ಅವಳೇ. ಅವಳ ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಸರೋಜಮ್ಮ ಅಂತಲೇ ಇದೆ. ಆದರೆ ನಾನು ಕೂಗುತ್ತಿದ್ದದ್ದು 'ತಿಪ್ಪಕ್ಕೋ' ಅಂತ. ಅವಳ ಹೆಸರು ತಿಪ್ಪಮ್ಮ. ನೀವು ಬಾಯಿ ಬಿಡುತ್ತೀರಿ ಅಂತ ಗೊತ್ತು. ಬಿಟ್ಟ ಬಾಯಿ ಹಾಗೇ ಇಟ್ಟುಕೊಳ್ಳಿ, ಇನ್ನೂ ಇದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ಸೊಪ್ಪಿನ ಗಾಡಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಮಂಚ ಹಿಡಿದವನು ಏಳಲಿಲ್ಲ. ಅಮ್ಮ ಒಬ್ಬಳೇ ದುಡಿದು ನಾಲ್ಕು ಹೊಟ್ಟೆ ತುಂಬಬೇಕಾಗಿತ್ತು. ಮನೆಯಲ್ಲಿ ಮುದ್ದೆ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಬಂತು. ಆಗ ಅಕ್ಕ ಸ್ಕೂಲು ಬಿಟ್ಟು ಕುಣಿಗಲ್ ಕಡೆಯ ರೇಷ್ಮೆ ಫ್ಯಾಕ್ಟರಿಗೆ ಸೇರಿದಳು. ನಮ್ಮೂರಿನ ನಾಲ್ಕು ಜನ ಹೆಂಗಸರು ಆಗಲೇ ಅಲ್ಲಿಗೆ ಹೋಗುತ್ತಿದ್ದರು. ಅಕ್ಕ ಐದನೆಯವಳು. ಅವಳು ಸಂಬಳ ತಂದ ಮೊದಲ ತಿಂಗಳೇ ಮುದ್ದೆ ಮತ್ತೆ ಮೊದಲಿನಷ್ಟು ದಪ್ಪವಾಯಿತು.

ಅಲ್ಲಿ ಏನು ಕೆಲಸ ಅಂದರೆ, ಬೇಯಿಸಿದ ರೇಷ್ಮೆ ಗೂಡುಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿಯನ್ನೂ ಬೆರಳಲ್ಲೇ ಹುಡುಕಿ ಹಿಡಿದು, ಮೇಲೆ ಸುತ್ತುವ ರಾಟೆಗೆ ಸೇರಿಸಬೇಕು. ಬೆಳಗಿನಿಂದ ಸಾಯಂಕಾಲದವರೆಗೆ ಕೈ ಆ ನೀರಿನಲ್ಲೇ. ಅಕ್ಕನ ಬೆರಳುಗಳು ಬೆಳ್ಳಗಾಗಿ, ಸುಕ್ಕಾಗಿ, ಸಿಪ್ಪೆ ಏಳುತ್ತಿದ್ದವು. ಮೈಯೆಲ್ಲ ಬೆಂದ ಹುಳದ ವಾಸನೆ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ನಾನು ಮೂಗು ಮುಚ್ಚಿಕೊಂಡು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ.

ಅಪ್ಪ ಮಂಚದಿಂದಲೇ ನನಗೊಂದು ಅಪ್ಪಣೆ ಮಾಡಿದ್ದ. "ಫ್ಯಾಕ್ಟ್ರಿ ಕಡೆ ತಲೆ ಹಾಕ್ದೆ ಅಂದ್ರೆ ಕಾಲು ಮುರೀತೀನಿ ಕಣೇ." ತಾನೇ ಎದ್ದು ನಿಲ್ಲಲಾರದವನು ನನ್ನ ಕಾಲು ಹೇಗೆ ಮುರಿಯುತ್ತಾನೆ ಅಂತ ಮನಸ್ಸಿನಲ್ಲೇ ನಕ್ಕಿದ್ದೆ. ಬಿಸಿನೀರಿನ ಭಯಕ್ಕೆ ಹಾಗೆ ಹೇಳಿದ್ದಾನೆ ಅಂತ ತಿಳಿದಿದ್ದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅಮ್ಮ ಸತ್ತ ಹಿರಿಯರ ಹೆಸರಲ್ಲಿ ಎಡೆ ಇಟ್ಟು, ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತಿದ್ದಳು. ತಾತನಿಗೆ ಪಂಚೆ, ಅಜ್ಜಿಗೆ ಸೀರೆ. ಅವುಗಳ ಜೊತೆ ಒಂದು ಚಿಕ್ಕ ಹಸಿರು ಲಂಗ. "ಇದು ಯಾರಿಗಮ್ಮಾ?" ಅಂದರೆ "ಹಿರೀರಿಗೆ" ಅನ್ನುತ್ತಿದ್ದಳು. ಇಷ್ಟು ಗಿಡ್ಡ ಹಿರಿಯರು ಯಾರಪ್ಪಾ ಅಂತ ನನಗೆ ಆಶ್ಚರ್ಯ. ಆದರೆ ಪೂಜೆ ಮುಗಿದ ಮೇಲೆ ಆ ಲಂಗ ನನಗೇ ಬರುತ್ತಿತ್ತು. ಲಂಗ ಬಂದ ಮೇಲೆ ಪ್ರಶ್ನೆ ಮರೆತುಹೋಗುತ್ತಿತ್ತು.

ಆ ದಿನ ನನಗೆ ಸ್ಕೂಲಿಗೆ ರಜ. ಫ್ಯಾಕ್ಟರಿಗೆ ಯಾರೋ ದೊಡ್ಡವರು ತನಿಖೆಗೆ ಬರುತ್ತಾರೆ, ಎಲ್ಲರೂ ಬೇಗ ಬರಬೇಕು ಅಂತ ಹಿಂದಿನ ಸಂಜೆಯೇ ಹೇಳಿಕಳಿಸಿದ್ದರು. ಅಕ್ಕ ಕತ್ತಲಿರುವಾಗಲೇ ಗಡಿಬಿಡಿಯಲ್ಲಿ ಹೊರಟಳು. ನಾನು ಎದ್ದು ನೋಡುತ್ತೇನೆ, ಅವಳ ಬುತ್ತಿಯ ಡಬ್ಬಿ ಒಲೆಯ ಪಕ್ಕದಲ್ಲೇ ಕೂತಿದೆ. ಒಳಗೆ ಮುದ್ದೆ, ಮೇಲೆ ಹುಚ್ಚೆಳ್ಳು ಚಟ್ನಿ. ಅಮ್ಮ ಹೊಲಕ್ಕೆ ಹೋಗಿದ್ದಳು. ಅಪ್ಪನಿಗೆ ಜೊಂಪು ಹತ್ತಿತ್ತು. ಅಕ್ಕ ಹಸಿದಿರಬೇಕಲ್ಲ ಅನ್ನಿಸಿತು. ಅಪ್ಪನ ಅಪ್ಪಣೆ ನೆನಪಿತ್ತು. ಆದರೆ ಬುತ್ತಿ ಕೊಟ್ಟು ಓಡಿ ಬಂದರೆ ಯಾರಿಗೆ ತಿಳಿಯುತ್ತದೆ? ಹಸಿರು ಲಂಗ ತೊಟ್ಟು, ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೊರಟೆ.

ಒಂದೂವರೆ ಮೈಲಿ ದಾರಿ. ರಾಗಿ ಹೊಲ ದಾಟಿ, ಹಿಪ್ಪುನೇರಳೆ ತೋಟ ದಾಟಿ, ಟಾರು ರಸ್ತೆಗೆ ಬಂದಾಗ ಕಾಲು ಸುಡುತ್ತಿತ್ತು. ಫ್ಯಾಕ್ಟರಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮೂಗಿಗೆ ಸಿಕ್ಕಿತು, ಅಕ್ಕನ ಮೈ ವಾಸನೆಯೇ. ಆಮೇಲೆ ಹೊಗೆ ಬಿಡುವ ಕೊಳವೆ ಕಂಡಿತು, ಆಮೇಲೆ ಕಬ್ಬಿಣದ ಗೇಟು. ಗೇಟು ಕಾಯುವ ತಾತ ಬೀಡಿ ಆರಿಸಿ ನನ್ನನ್ನು ನೋಡಿದ.

"ಯಾರು ಬೇಕವ್ವಾ?"

"ತಿಪ್ಪಮ್ಮ. ನಮ್ಮಕ್ಕ. ಬುತ್ತಿ ಮರ್ತು ಬಂದವಳೆ."

"ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ ಕಣವ್ವ."

"ಅವಳೆ! ದಿನಾ ಬತ್ತಾಳೆ!" ಅಂದೆ. ಅವನು ಇಲ್ಲ ಅಂದ. ನಾನು ಹೌದು ಅಂದೆ. ಅವನು ಮತ್ತೆ ಇಲ್ಲ ಅಂದ. ನನಗೆ ರೇಗಿಹೋಯಿತು. ಇಲ್ಲ ಅಂದರೆ ಕರೆದು ತೋರಿಸುತ್ತೇನೆ ಅಂತ ಗೇಟಿನ ಪಕ್ಕದ ಕಲ್ಲು ಹತ್ತಿ ನಿಂತೆ. ಡಬ್ಬಿ ಕೆಳಗಿಟ್ಟು, ಕೈ ಬಾಯಿಗಿಟ್ಟು, ಉಸಿರು ಎಳೆದು ಕೂಗಿದೆ. "ತಿಪ್ಪಕ್ಕೋ..."

ಒಳಗೆ ರಾಟೆಗಳ ಸದ್ದು. ಓ ಬರಲಿಲ್ಲ. ಎರಡನೆಯ ಸಲ ಕೂಗಿದೆ. ಕಿಟಕಿಯಲ್ಲಿ ಒಂದೆರಡು ತಲೆ ಕಂಡು ಮಾಯವಾದವು. ಮೂರನೆಯ ಸಲ ಏರಿ ಮೇಲೆ ನಿಂತು ಕೂಗುವಷ್ಟೇ ಜೋರಾಗಿ ಕೂಗಿದೆ. ಆಗಲೂ ಅಕ್ಕ ಓಗೊಡಲಿಲ್ಲ.

ಆಫೀಸಿನ ಕಡೆಯಿಂದ ಕನ್ನಡಕ ಹಾಕಿದ ಸಾಹೇಬರೊಬ್ಬರು ಬಂದರು. ಬಗಲಲ್ಲಿ ದಪ್ಪ ಪುಸ್ತಕ. ತನಿಖೆಗೆ ಬಂದವರು ಅವರೇ. ಹದಿನೆಂಟು ತುಂಬದ ಹುಡುಗಿಯರು ಕೆಲಸದಲ್ಲಿ ಇದ್ದಾರಾ ಅಂತ ನೋಡುವುದು ಅವರ ಕೆಲಸ. ಅದು ನನಗೇನು ಗೊತ್ತು? ಅವರು ನನ್ನ ಮುಂದೆ ಬಗ್ಗಿ, "ಯಾರನ್ನಮ್ಮ ಕೂಗ್ತಾ ಇದೀಯ ಪುಟ್ಟಿ?" ಅಂದರು. ಅಷ್ಟು ನಯವಾಗಿ ಮಾತಾಡಿದ ದೊಡ್ಡವರನ್ನು ನಾನು ಕಂಡೇ ಇರಲಿಲ್ಲ. ಖುಷಿಯಾಗಿ ಎಲ್ಲಾ ಒದರಿಬಿಟ್ಟೆ. ಅಕ್ಕನ ಹೆಸರು, ನಮ್ಮೂರು, ಅವಳು ಎಷ್ಟು ಉದ್ದ ಇದ್ದಾಳೆ, ಕೆಲಸಕ್ಕೆ ಯಾವ ಸೀರೆ ಉಡುತ್ತಾಳೆ.

"ವಯಸ್ಸೆಷ್ಟು ನಿಮ್ಮಕ್ಕಂಗೆ?"

"ಹದಿನಾಲ್ಕು!" ಅಂದೆ, ಮೇಷ್ಟರ ಮುಂದೆ ಮಗ್ಗಿ ಹೇಳಿದ ಹಾಗೆ.

ಗೇಟಿನ ತಾತ ಕೆಮ್ಮಿದ. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ನಮ್ಮೂರಿನ ಹೆಂಗಸರನ್ನೆಲ್ಲ ಹೊರಗೆ ಕರೆಸಿ ಅಂದರು.

ಐದು ಜನ ಬಂದು ಸಾಲಾಗಿ ನಿಂತರು. ತಲೆಗೆ ಬಟ್ಟೆ ಕಟ್ಟಿದ್ದರು, ಹಬೆಗೆ ಮುಖ ಊದಿತ್ತು, ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕನೆಯವಳು ಅಕ್ಕ. ನಾನು ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡೆ. ಅವಳು ನನ್ನ ಕೈ ಬಿಡಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಸಾಹೇಬರ ಕಡೆ ತಿರುಗಿ ಅಂದಳು:

"ಈ ಮಗ ಯಾರೋ ನಂಗೊತ್ತಿಲ್ಲ ಸಾ."

ಮಕ್ಕಳೇ, ನನಗೀಗ ಅರವತ್ತನಾಲ್ಕು ವರ್ಷ. ಎಷ್ಟೋ ಸಾವು ನೋಡಿದ್ದೇನೆ, ಎಷ್ಟೋ ಮಾತು ಕೇಳಿದ್ದೇನೆ. ಆದರೆ ಆ ಮಾತು ಕೇಳಿದಾಗ ಆದ ಹಾಗೆ ಇನ್ನೊಮ್ಮೆ ಆಗಲಿಲ್ಲ. ಹಿಂದಿನ ದಿನ ನನ್ನ ತಲೆ ಬಾಚಿ ಜಡೆ ಹಾಕಿದವಳು ಅವಳು. ಆ ಜಡೆ ಇನ್ನೂ ಬಿಚ್ಚಿರಲಿಲ್ಲ.

ಸಾಹೇಬರು ಉಳಿದವರನ್ನೂ ಕೇಳಿದರು. ಪಕ್ಕದ ಮನೆ ಚಿಕ್ಕಮ್ಮ, ನನಗೆ ದಿನವೂ ಬೆಲ್ಲ ಕೊಡುತ್ತಿದ್ದವಳು, ನನ್ನ ಮುಖ ನೋಡಿ "ನಮ್ಮೂರ ಮಗ ಅಲ್ಲ ಸಾ" ಅಂದಳು. ಇನ್ನೊಬ್ಬಳು "ಕಂಡೇ ಇಲ್ಲ" ಅಂದಳು. ಐದು ಜನವೂ ಹಾಗೇ ಅಂದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದೆ. ಒಬ್ಬರ ಕಣ್ಣಲ್ಲೂ ನಾನು ಇರಲಿಲ್ಲ. ನಾನು ಯಾರು, ನಮ್ಮ ಮನೆ ಎಲ್ಲಿ ಅಂತ ನನಗೇ ಅನುಮಾನ ಬಂತು.

"ನಿನ್ನ ಹೆಸರೇನಮ್ಮ?" ಅಂತ ಸಾಹೇಬರು ಅಕ್ಕನನ್ನು ಕೇಳಿದರು.

"ಸರೋಜ ಸಾ. ಇಪ್ಪತ್ತು ವರ್ಸ."

ಅವರು ಪುಸ್ತಕ ತೆಗೆದು ನೋಡಿದರು. ಹಾಗೇ ಬರೆದಿತ್ತು. ಆದರೂ ಪೆನ್ನು ಮುಚ್ಚಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, "ಸರಿಯಾಗಿ ನೋಡಿ ಹೇಳು ಪುಟ್ಟಿ. ಇವಳೇನಾ ನಿಮ್ಮಕ್ಕ?" ಅಂದರು.

ನೋಡಿದೆ. ಅಕ್ಕನ ಮೂಗು, ಅಕ್ಕನ ಸೀರೆ, ಅಕ್ಕನ ಸುಕ್ಕು ಬೆರಳು. ಆದರೆ ಹೆಸರು ಬೇರೆ. ನನ್ನನ್ನು ಗೊತ್ತಿಲ್ಲ ಅನ್ನುತ್ತಿದ್ದಾಳೆ. ಮೂರು ಸಲ ಕರೆದರೂ ಓ ಅನ್ನಲಿಲ್ಲ. ಅಜ್ಜಿಯ ಮಾತು ನೆನಪಾಯಿತು. ಇದು ಅಕ್ಕನ ರೂಪ ಹೊತ್ತು ನಿಂತಿರುವ ಇನ್ನೇನೋ! ನಾನು ಸುಳ್ಳು ಹೇಳಲಿಲ್ಲ, ನಾಟಕ ಆಡಲಿಲ್ಲ. ಕಿಟಾರನೆ ಕಿರುಚಿಕೊಂಡೆ.

"ಅಲ್ಲ! ಇವಳು ನಮ್ಮಕ್ಕ ಅಲ್ಲ! ನಮ್ಮಕ್ಕ ಕರುದ್ರೆ ಓ ಅಂತಾಳೆ!"

ಹಾಗಂದವಳೇ ಓಡಿದೆ. ಡಬ್ಬಿ ಕಲ್ಲಿನ ಪಕ್ಕದಲ್ಲೇ ಉಳಿಯಿತು. ಸಾಹೇಬರು ಪೆನ್ನು ಮುಚ್ಚಿ ಒಳಗೆ ಹೋದರು ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಮುದುರಿ ಕೂತೆ. ಮೈ ಸುಡುತ್ತಿತ್ತು. ಹೊಲದಿಂದ ಬಂದ ಅಮ್ಮ ಬಿಸಿಲು ಹೊಡೆದಿದೆ ಅಂತ ಬಟ್ಟಲಲ್ಲಿ ಹರಳೆಣ್ಣೆ ತಂದು ನೆತ್ತಿಗೆ ತಟ್ಟತೊಡಗಿದಳು. ಸಂಜೆ ಅಕ್ಕ ಬಾಗಿಲಲ್ಲಿ ಕಂಡಳು. ಅವಳ ಕೈಯಲ್ಲಿ ಆ ಡಬ್ಬಿ. ಗೇಟಿನ ಮುಂದೆ ಇಡೀ ದಿನ ಇದ್ದರೂ ಅದು ತನ್ನದು ಅಂತ ಅವಳು ಹೇಳುವ ಹಾಗಿರಲಿಲ್ಲ. ಮುಚ್ಚಳ ತೆಗೆದಿರಲಿಲ್ಲ. "ಬಾರೇ ಇಲ್ಲಿ" ಅಂತ ನನಗೆ ಕೈ ಚಾಚಿದಳು.

ನಾನು ಅಮ್ಮನ ಸೆರಗು ಹಿಡಿದು ಚೀರಿದೆ. "ಒಳೀಕೆ ಬುಡ್ಬೇಡಮ್ಮಾ! ಅದು ಅಕ್ಕ ಅಲ್ಲ, ಸರೋಜ!"

ಎಣ್ಣೆ ಬಟ್ಟಲು ಅಮ್ಮನ ಕೈಯಿಂದ ಜಾರಿ ಬಿತ್ತು. ಮಂಚದ ಮೇಲೆ ಅಪ್ಪ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡ. ಅಕ್ಕ ಹೊಸ್ತಿಲ ಮೇಲೇ ಕುಸಿದು ಕೂತಳು. ಒಂದು ಹೆಸರಿಗೆ ಮೂರು ಜನ ಹೀಗಾಗುವುದನ್ನು ನೋಡಿ ನನ್ನ ಅಳುವೇ ನಿಂತುಹೋಯಿತು.

"ಏನಂದೆ? ಆ ಹೆಸ್ರ ನಿಂಗ್ಯಾರು ಹೇಳುದ್ರು?" ಅಂದಳು ಅಮ್ಮ. ಅವಳ ದನಿ ನಾನೆಂದೂ ಕೇಳದ ದನಿ.

ಆಗ ಅಕ್ಕ ಹೇಳಿದಳು. ನಮಗೆ ಇನ್ನೊಬ್ಬಳು ಅಕ್ಕ ಇದ್ದಳು. ಅಮ್ಮನ ಮೊದಲ ಮಗಳು ಸರೋಜ. ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಆಗ ಅಕ್ಕ ಅಮ್ಮನ ಹೊಟ್ಟೆಯಲ್ಲಿದ್ದಳು. ಇವಳಾದರೂ ಉಳಿಯಲಿ ಅಂತ, ಹುಟ್ಟಿದ ತಕ್ಷಣ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಅಂತ ಹೆಸರಿಟ್ಟರು. ತಿಪ್ಪೆಗೆ ಎಸೆದದ್ದನ್ನು ಸಾವು ಮುಟ್ಟುವುದಿಲ್ಲ ಅಂತ ಆಗಿನವರ ನಂಬಿಕೆ. ಸರೋಜನ ಹೆಸರನ್ನು ಅಮ್ಮನ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಆದರೆ ಸ್ಕೂಲಿನ ಪುಸ್ತಕದಲ್ಲಿ ಅದು ಹಾಗೇ ಇತ್ತು. ಅಕ್ಕನಿಗಿಂತ ಆರು ವರ್ಷ ದೊಡ್ಡ ಹೆಸರು. ಅಪ್ಪ ಮಂಚದಲ್ಲಿ ಮಲಗಿಕೊಂಡೇ ಮೇಷ್ಟರಿಂದ ಅದರ ನಕಲು ಬರೆಸಿ, ಆ ಕಾಗದ ಕೊಟ್ಟು ಅಕ್ಕನನ್ನು ಫ್ಯಾಕ್ಟರಿಗೆ ಕಳಿಸಿದ್ದ. ಊರ ಹೆಂಗಸರಿಗೆಲ್ಲ ಗೊತ್ತಿತ್ತು. ಅಮ್ಮನಿಗೂ ನನಗೂ ಮಾತ್ರ ಗೊತ್ತಿರಲಿಲ್ಲ.

"ನನ್ನ ಸತ್ತ ಮಗಿನ ಹೆಸ್ರ ಕೂಲಿಗೆ ಕಳ್ಸುಬುಟ್ರಾ?" ಅಂದಳು ಅಮ್ಮ.

ಅಪ್ಪ ಗೋಡೆಗೇ ಉತ್ತರ ಕೊಟ್ಟ. "ಬದ್ಕಿರೋವು ಉಣ್ಬೇಕಲ್ಲ."

ನಾನು ನನ್ನ ಹಸಿರು ಲಂಗ ನೋಡಿಕೊಂಡೆ. ಇಷ್ಟು ವರ್ಷ ಆ ಗಿಡ್ಡ ಹಿರಿಯಳ ಬಟ್ಟೆ ನಾನು ತೊಡುತ್ತಿದ್ದೆ, ಅವಳ ಹೆಸರು ಅಕ್ಕ ತೊಟ್ಟಿದ್ದಳು. ಗೇಟಿನಲ್ಲಿ ಆ ಲಂಗ ಕಂಡಾಗ ಎದೆ ಒಡೆದುಹೋಯಿತು ಅಂತ ಅಕ್ಕ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ನನ್ನ ಬೆರಳು ತಂತಾನೇ ಲಂಗದ ದಾರ ಬಿಚ್ಚಲು ಹೋಯಿತು. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

ಮಾರನೆಯ ಬೆಳಿಗ್ಗೆ ಅಮ್ಮ ಅಕ್ಕನನ್ನು ಹೊರಗೆ ಬಿಡುವುದಿಲ್ಲ ಅಂತಲೇ ನಾನು ತಿಳಿದಿದ್ದೆ. ಬಿಡದಿದ್ದರೆ ಮನೆಯಲ್ಲಿ ಮುದ್ದೆಯೂ ಇಲ್ಲ. ಅಕ್ಕ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು, ಒಳಗೂ ಇಲ್ಲ, ಹೊರಗೂ ಇಲ್ಲ. ಅಮ್ಮ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿದಳು. ಒಂದನ್ನು ಡಬ್ಬಿಗೆ ಹಾಕಿದಳು. ಇನ್ನೊಂದನ್ನು ಅದರ ಪಕ್ಕದಲ್ಲಿ ಒತ್ತಿ ಕೂರಿಸಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ, ಬಟ್ಟೆಯಲ್ಲಿ ಕಟ್ಟಿದಳು.

"ಯಾಕಮ್ಮಾ ಎರಡು?" ಅಂದಳು ಅಕ್ಕ.

"ದುಡಿಯೋರು ಇಬ್ರಲ್ವಾ" ಅಂದಳು ಅಮ್ಮ.

ಅಕ್ಕ ಮದುವೆಯಾಗಿ ಹೋಗುವವರೆಗೂ ದಿನವೂ ಎರಡು ಮುದ್ದೆ. ಒಂದನ್ನು ತಾನು ತಿಂದು, ಇನ್ನೊಂದನ್ನು ಬುತ್ತಿ ತಾರದವರಿಗೆ ಕೊಡುತ್ತಿದ್ದಳಂತೆ. ನನಗೆ ಅಮ್ಮ ಒಂದೇ ಮಾತು ಹೇಳಿದಳು. ಇನ್ನು ಮೇಲೆ ಏರಿ ಮೇಲೆ ನಿಂತು ಆ ಹೆಸರು ಕೂಗಬೇಡ, ಯಾರ ಕಿವಿ ಎಲ್ಲಿರುತ್ತೋ. ಅಂದಿನಿಂದ ನನಗೆ ಅವಳು ಬರೀ ಅಕ್ಕ. ಲಗ್ನಪತ್ರಿಕೆಯಲ್ಲೂ ಸರೋಜ ಅಂತಲೇ ಅಚ್ಚಾಯಿತು. ಮದುವೆಯಾದ ಮೇಲೂ ಅವಳು ಅದೇ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಕಾಗದದ ಲೆಕ್ಕದಲ್ಲಿ ಅರವತ್ತಾಯಿತು ಅಂತ ಅಲ್ಲಿಯವರು ಹಾರ ಹಾಕಿ ಮನೆಗೆ ಕಳಿಸಿದಾಗ ಅವಳಿಗೆ ಐವತ್ನಾಲ್ಕು. ಫ್ಯಾಕ್ಟರಿಯೂ ಆಮೇಲೆ ಮುಚ್ಚಿಹೋಯಿತು. ಅವಳನ್ನು ತಿಪ್ಪಮ್ಮ ಅಂತ ಕರೆಯುವವರು ಒಬ್ಬೊಬ್ಬರಾಗಿ ಸತ್ತರು. ಉಳಿದವಳು ನಾನೊಬ್ಬಳು, ನನ್ನ ಬಾಯಿಗೂ ಬೀಗ.

ನಿಮ್ಮನ್ನು ನೋಡಿದರೆ ನನಗೆ ಅದೇ ಆಶ್ಚರ್ಯ. ನಿಮ್ಮ ಹೆಸರು ಬ್ಯಾಗಿನ ಮೇಲೆ, ನೀರಿನ ಬಾಟಲಿನ ಮೇಲೆ, ಪೆನ್ಸಿಲ್ ಡಬ್ಬಿಯ ಮೇಲೆ. ಮಿಸ್ಸು ಕರೆದ ಕೂಡಲೇ ಅರ್ಧ ನಿದ್ದೆಯಲ್ಲೂ ಪ್ರೆಸೆಂಟ್ ಮಿಸ್ ಅನ್ನುತ್ತೀರಿ. ನಿಮ್ಮಮ್ಮನೂ ಫ್ಯಾಕ್ಟರಿಗೇ ಹೋಗುತ್ತಾಳೆ. ಬೆಳಿಗ್ಗೆ ವ್ಯಾನು ಬಂದು ಹಾರನ್ ಹೊಡೆದರೆ ತುಮಕೂರಿನ ಗಾರ್ಮೆಂಟ್ಸಿಗೆ ಓಡುತ್ತಾಳೆ. ಅವಳ ಸೊಂಟನೋವು, ಅವಳ ಮೇಲೆ ಸೂಪರ್‌ವೈಸರ್ ಕೂಗಾಡುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಕೊರಳಲ್ಲಿ ಒಂದು ಕಾರ್ಡು ನೇತಾಡುತ್ತದೆ, ಅದರಲ್ಲಿ ಅವಳದೇ ಫೋಟೋ, ಅವಳದೇ ಹೆಸರು. ಅವಳು ಅದನ್ನು ಮರೆತು ಹೋದ ದಿನ ನೀವು ಗೇಟಿಗೆ ಒಯ್ದು 'ಅಮ್ಮಾ' ಅಂತ ಕೂಗಬಹುದು.

ಕಳೆದ ತಿಂಗಳು ನೀವು ಸ್ಕೂಲಿಗೆ ಹೋಗಿದ್ದಾಗ ನಾನು ಗುಬ್ಬಿಗೆ ಅಕ್ಕನ ಮನೆಗೆ ಹೋಗಿದ್ದೆ. ತುಮಕೂರಿನ ಕಾಲೇಜಿನಿಂದ ಒಬ್ಬ ಹುಡುಗಿ ಬಂದಿದ್ದಳು. ಹಿಂದೆ ಫ್ಯಾಕ್ಟರಿಗಳಲ್ಲಿ ದುಡಿದ ಹೆಂಗಸರ ಮಾತನ್ನೆಲ್ಲ ಫೋನಿನಲ್ಲಿ ಹಿಡಿದಿಡುತ್ತಾಳಂತೆ. ಫೋನನ್ನು ಅಕ್ಕನ ಮುಂದೆ ಹಿಡಿದು, "ಮೊದ್ಲು ನಿಮ್ಮ ಹೆಸರು ಹೇಳಿ ಅಜ್ಜಿ" ಅಂದಳು.

ಅಕ್ಕ ಬಾಯಿ ತೆರೆದಳು. 'ಸ' ಅಂದು ನಿಲ್ಲಿಸಿದಳು. ತನ್ನ ಬೆರಳುಗಳನ್ನೇ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀನೇ ಕರಿಯೇ" ಅಂದಳು.

"ಏನಂತ ಕರೀಲಿ?"

"ಏರಿ ಮೇಲ್ ನಿಂತು ಕರೀತಿದ್ಯಲ್ಲ, ಅಂಗೆ. ಇನ್ಯಾವ ಸಾಹೇಬ ಬಂದಾನು?"

ಐವತ್ತಾರು ವರ್ಷ ನುಂಗಿಕೊಂಡ ಹೆಸರು ಗಂಟಲಿನಿಂದ ಮೇಲೆ ಬರುತ್ತದೋ ಇಲ್ಲವೋ ಅಂತ ಭಯ. ಎದ್ದು ನಿಂತೆ. ಕೈ ಬಾಯಿಗಿಟ್ಟು, ಉಸಿರು ಎಳೆದು, ಕೂಗಿದೆ. "ತಿಪ್ಪಕ್ಕೋ..."

ಬೀದಿಯ ನಾಯಿ ಬೊಗಳಿತು. ಆ ಹುಡುಗಿ ಬೆಚ್ಚಿಬಿದ್ದು ಫೋನು ಕೈಬಿಟ್ಟಳು. ಮೂರು ಸಲ ಕರೆಯಬೇಕಾಗಲಿಲ್ಲ. ಅಕ್ಕ ಕೂತಿದ್ದು ನನ್ನಿಂದ ಎರಡು ಮಾರು ದೂರದಲ್ಲಿ. ಆದರೂ ಆಚೆ ಹೊಲದಲ್ಲಿ ಇರುವವಳ ಹಾಗೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

"ಓ... ಬಂದೇ ಕಣೇ..."